ಇಲ್ಲಿ ಇಳಿದದ್ದು, ಅಲ್ಲಿ ಏರಿದ್ದು

ಆ ಮಂಗಳವಾರ ಸಂಜೆ ಏಳು ಗಂಟೆಗೆ ಲೋರ್ನಾ ಟೀಪಲ್‌ಳ ಮನೆ ಕೊಳ್ಳಲು ಜನ ಮುಗಿಬೀಳಬೇಕಿತ್ತು. ಹಾಗಂತ ಅವಳ ಏಜೆಂಟ್ ರೆಂಜೊ ಹೇಳಿದ್ದ. ಅಡುಗೆಮನೆಯ ಮೇಜಿನ ಮೇಲೆ ಅವನ ಫೋನು, ಲ್ಯಾಪ್‌ಟಾಪು, ಪಕ್ಕದಲ್ಲಿ ಲೋರ್ನಾ ಬೆಳಿಗ್ಗೆಯಷ್ಟೇ ಬೇಯಿಸಿದ ಬಟರ್ ಟಾರ್ಟು ಎಂಬ ಸಿಹಿತಿಂಡಿಯ ತಟ್ಟೆ. ಗಂಡ ಡ್ವೈಟ್ ಮದುವೆಮನೆಗೆ ಹೊರಟವನ ಹಾಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಕೂತಿದ್ದ. ಏಳಾಯಿತು, ಏಳೂವರೆಯಾಯಿತು. ಫೋನು ಒಂದೇ ಒಂದು ಸಲ ಗುಂಯ್ ಎಂದಿತು. ಮೂವರೂ ಬೆಚ್ಚಿ ಅದರ ಮೇಲೆ ಬಗ್ಗಿದರು. ಬರುವಾಗ ಹಾಲು ತನ್ನಿ ಎಂದು ರೆಂಜೊನ ಹೆಂಡತಿ ಕಳಿಸಿದ್ದಳು.

"ಒಬ್ರೂ ಇಲ್ವಾ?" ಎಂದಳು ಲೋರ್ನಾ.

"ಹವಾ ಸರಿ ಇಲ್ಲ ನೋಡಿ, ಮಳೆ," ಎಂದ ರೆಂಜೊ.

"ಮಳೇಲಿ ಜನ ಫೋನು ಮಾಡಲ್ವಾ?"

ರೆಂಜೊ ಒಂದು ಟಾರ್ಟು ಬಾಯಿಗೆ ಹಾಕಿಕೊಂಡ. 

ಟೊರಾಂಟೊ ಪಕ್ಕದ ಓಶಾವಾ ಊರಿನಲ್ಲಿ ಮನೆ ಮಾರುವ ಪದ್ಧತಿಯೇ ಹಾಗೆ. ಏಳೂವರೆ ಲಕ್ಷ ಡಾಲರ್ ಬಾಳುತ್ತದೆ ಅನ್ನಿಸಿದ ಮನೆಗೆ ಆರೂವರೆ ಅಂತ ಬೋರ್ಡು ಹಾಕುವುದು, ಇಂಥ ದಿನ ಸಂಜೆವರೆಗೂ ಯಾರ ಮಾತೂ ಕೇಳುವುದಿಲ್ಲ ಅಂತ ಬಿಗುಮಾನದಿಂದ ಕೂರುವುದು. ಆ ಸಂಜೆ ಕೊಳ್ಳುವವರು ಒಬ್ಬರ ಮೇಲೊಬ್ಬರು ಬಿದ್ದು ಬೆಲೆ ಏರಿಸುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಪಕ್ಕದ ಮನೆಯ ಮರ್ವಿನ್‌ನ ತಮ್ಮ ಮಾರಿದಾಗ ಬಾಗಿಲಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲವಂತೆ. ಆ ಕಥೆಯನ್ನು ಡ್ವೈಟ್ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಬಡ್ಡಿ ಏರಿ ಬೆಲೆಗಳು ಜಾರತೊಡಗಿವೆ ಅಂತ ಟೀವಿಯವರು ಬಾಯಿ ಬಡಿದುಕೊಂಡರೆ, "ಅದೆಲ್ಲಾ ಟೊರಾಂಟೊದವರ ಗೋಳು" ಎಂದು ಚಾನೆಲ್ಲು ಬದಲಿಸುತ್ತಿದ್ದ. ಗಂಡಸರಿಗೆ ಈ ವಿಷಯದಲ್ಲಿ ಬುದ್ಧಿ ಹೇಳಲು ಆ ದೇವರಿಗೂ ಆಗುವುದಿಲ್ಲ.

ಮನೆ ಮಾರಲು ಹಾಕಿದ ಮೂರನೇ ದಿನವೇ ಒಂದು ಜೋಡಿ ಬಂದು ನೋಡಿ, ನಿಗದಿಯ ದಿನ ಬರುವ ಮೊದಲೇ ಏಳು ಲಕ್ಷದ ಇಪ್ಪತ್ತು ಸಾವಿರ ಕೊಡುತ್ತೇವೆ ಎಂದು ಬರೆದು ಕಳಿಸಿತ್ತು. ಹೆಂಡತಿ ರೊವೆನಾ ಡಕಾನೈ, ಆಸ್ಪತ್ರೆಯಲ್ಲಿ ನರ್ಸು. ಗಂಡ ಗೋದಾಮಿನಲ್ಲಿ ಕೆಲಸಕ್ಕಿದ್ದವನು. ಇಬ್ಬರೂ ಫಿಲಿಪೀನ್ಸಿನಿಂದ ಬಂದು ಹತ್ತು ವರ್ಷ ಬಾಡಿಗೆ ಮನೆಯಲ್ಲೇ ಕಳೆದವರು.

"ಒಪ್ಕೊಂಡು ಬಿಡೋಣ," ಎಂದಿದ್ದಳು ಲೋರ್ನಾ.

"ಮೊದಲ ತುತ್ತಿಗೇ ಬಾಯಿ ಬಿಡೋಕೆ ನಾನೇನು ಹಸಿದು ಬಂದವನಾ?" ಎಂದಿದ್ದ ಡ್ವೈಟ್. "ಮಂಗಳವಾರ ಬರಲಿ, ಎಲ್ಲರ ಜೊತೆ ನಿಲ್ಲಲಿ."

ಮಂಗಳವಾರ ಅವರೂ ಬರಲಿಲ್ಲ, ಬೇರೆಯವರೂ ಬರಲಿಲ್ಲ.

ಒಂದು ಮನೆ ಮಾರಾಟವಾಗದಿದ್ದರೆ ಭೂಮಿಯೇನೂ ಬಾಯಿ ಬಿಡುವುದಿಲ್ಲ. ಬೋರ್ಡು ಕಿತ್ತು ಒಳಗಿಟ್ಟು, ಮುಂದಿನ ವರ್ಷ ನೋಡೋಣ ಅನ್ನಬಹುದು. ಲೋರ್ನಾಳಿಗೆ ಹಾಗನ್ನುವ ದಾರಿ ಇರಲಿಲ್ಲ. ಅವಳು ಆಗಲೇ ಇನ್ನೊಂದು ಮನೆ ಕೊಂಡಾಗಿತ್ತು.

ಅದು ಪೂರ್ವದ ಕಡಲ ಸೀಮೆಯ ಮಾಂಕ್ಟನ್‌ನಲ್ಲಿ. ಮಗಳು ಕೆಂಡ್ರಾ ಇದ್ದದ್ದು ಅಲ್ಲಿ. ಅಳಿಯ ತಿಂಗಳುಗಟ್ಟಲೆ ಹಡಗಿನ ಮೇಲಿರುವವನು. ಮಗಳಿಗೆ ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಹೊಟ್ಟೆಯಲ್ಲಿ. ಅಮ್ಮಾ, ಒಬ್ಬಳಿಂದ ಆಗ್ತಿಲ್ಲ ಎಂದು ಅವಳು ಫೋನಿನಲ್ಲಿ ಅತ್ತ ದಿನವೇ ಲೋರ್ನಾ ವಿಮಾನ ಹತ್ತಿದ್ದಳು. ಅಲ್ಲಿ ಮನೆಗಳು ಓಶಾವಾದ ಅರ್ಧ ಬೆಲೆಗೆ ಸಿಗುತ್ತವೆ ಅಂತ ಕೇಳಿದ್ದಳು. ಸಿಗುತ್ತಿದ್ದವು, ಆದರೆ ಶುಕ್ರವಾರ ಬೋರ್ಡು ಹಾಕಿದರೆ ಸೋಮವಾರ ಇರುತ್ತಿರಲಿಲ್ಲ. ದೇಶ ಒಂದೇ, ದುಡ್ಡು ಒಂದೇ, ಇಲ್ಲಿ ಬೆಲೆ ಮೆಟ್ಟಿಲಿಳಿಯುತ್ತಿದ್ದರೆ ಅಲ್ಲಿ ಓಡಿ ಏರುತ್ತಿತ್ತು. ಏರಿಸಿದವರು ಮತ್ಯಾರೂ ಅಲ್ಲ, ಲೋರ್ನಾಳ ಹಾಗೆ ಈ ಕಡೆಯಿಂದ ಕೊಳ್ಳಲು ಹೋದವರೇ.

ಮಗಳ ಮನೆಯಿಂದ ಎರಡು ಬೀದಿ ಆಚೆ ಒಂದು ಚೆಂದದ ಮನೆ ಕಂಡಿತು. "ನಮ್ಮ ಮನೆ ಮಾರಿದ ಮೇಲೆಯೇ ಕೊಳ್ಳುವುದು ಅಂತ ಷರತ್ತು ಹಾಕ್ತೀನಿ," ಎಂದಳು. ಅಲ್ಲಿನ ಏಜೆಂಟ್ ಹೆಂಗಸು ನಕ್ಕುಬಿಟ್ಟಳು. "ಷರತ್ತು ಹಾಕಿದ್ರೆ ನಿಮ್ಮ ಹೆಸರೂ ಓದಲ್ಲ ಕಣಮ್ಮ. ಇನ್ನೂ ಐದು ಜನ ಕಾದಿದಾರೆ." ಲೋರ್ನಾ ಷರತ್ತು ಹೊಡೆದುಹಾಕಿ ಸಹಿ ಮಾಡಿದಳು. ಮನೆ ಸಿಕ್ಕಿತು! ಮಾರಾಟವಾಗಿದೆ ಎಂಬ ಬೋರ್ಡಿನ ಪಕ್ಕ ನಿಂತು, ಮೊಮ್ಮಗುವನ್ನು ಎತ್ತಿಕೊಂಡು, ಹಲ್ಲೆಲ್ಲ ಕಾಣುವಂತೆ ನಕ್ಕು ಫೋಟೊ ತೆಗೆಸಿಕೊಂಡು ಫೇಸ್‌ಬುಕ್ಕಿಗೆ ಹಾಕಿದಳು. "ಮೇ ಕೊನೆಗೆ ನಾವು ಮಾಂಕ್ಟನ್‌ನವರು!" ಎಂದು ಬರೆದಳು. ಅಲ್ಲಿಯವರೆಲ್ಲ ಹೀಗೇ ಮಾಡುತ್ತಾರೆ. ಮಾಡದಿದ್ದರೆ ಮನೆ ಕೊಂಡ ಹಾಗೇ ಅಲ್ಲ.

ಮೇ ಕೊನೆಯೊಳಗೆ ಓಶಾವಾದ ಮನೆ ಮಾರಿ ಹಣ ಕಟ್ಟದಿದ್ದರೆ ಮಾಂಕ್ಟನ್‌ಗೆ ಕೊಟ್ಟ ಮುಂಗಡ ಹೋಯಿತು, ಮನೆ ಹೋಯಿತು. ಆ ಕಡೆಯವರು ಕೋರ್ಟಿಗೆ ಎಳೆದರೆ ಈ ಮನೆಯೂ ಹೋಗಬಹುದು. ಈ ಮನೆ ಮಾರುವವರೆಗೆ ಸಾಲ ಕೊಡಿ ಎಂದು ಬ್ಯಾಂಕಿಗೆ ಹೋದರೆ, ಮೊದಲು ನಿಮ್ಮ ಮನೆ ಮಾರಿದ ಪತ್ರ ತನ್ನಿ ಎಂದರು.

ಆ ಮಂಗಳವಾರದ ಮಾರನೆಯ ದಿನ ರೆಂಜೊ ಹೊಸ ಉಪಾಯ ತಂದ. "ಆರೂವರೆಗೆ ಯಾರೂ ಬರಲಿಲ್ಲ. ಅದಕ್ಕೇ ಈಗ ಏಳೂಮುಕ್ಕಾಲು ಅಂತ ಹಾಕೋಣ."

ಲೋರ್ನಾ ಅವನ ಮುಖವನ್ನೇ ನೋಡಿದಳು. "ಆರೂವರೆಗೆ ಬರದೋರು ಏಳೂಮುಕ್ಕಾಲಿಗೆ ಬರ್ತಾರಾ?"

"ಅದು ಹಾಗಲ್ಲ ಲೋರ್ನಾ. ಆರೂವರೆ ಅನ್ನೋದು ಆಸೆ ತೋರಿಸೋಕೆ. ಇದು ನಿಜವಾದ ಬೆಲೆ."

"ನಿಜವಾದ ಬೆಲೆ ನಿಮಗೆ ಗೊತ್ತಿದ್ರೆ ಮೊದಲೇ ಹೇಳೋಕೆ ಏನಾಗಿತ್ತು ರೋಗ?"

ಕೊನೆಗೆ ಹಾಗೇ ಹಾಕಿದರು. ಎರಡು ವಾರಕ್ಕೆ ಏಳೂಮುಕ್ಕಾಲು ಏಳೂಕಾಲಾಯಿತು, ಮತ್ತೆರಡು ವಾರಕ್ಕೆ ಏಳಾಯಿತು. ಯಾರಾದರೂ ನೋಡಲು ಬಂದರೆ ಮನೆಯವರು ಅಲ್ಲಿರಕೂಡದು, ಅದು ಅಲ್ಲಿನ ನಿಯಮ. ಕೊಳ್ಳುವವರ ಕಣ್ಣಿಗೆ ಬೀಳಲೇಬೇಡಿ, ನಿಮ್ಮ ಮುಖ ನೋಡಿದರೆ ಸಾಕು, ಎಲ್ಲಾ ಗೊತ್ತಾಗಿಬಿಡುತ್ತದೆ ಎಂದು ರೆಂಜೊ ಲೋರ್ನಾಳಿಗೆ ಬೇರೆ ಹೇಳಿದ್ದ. ಹಾಗಾಗಿ ಗಂಡ ಹೆಂಡತಿ ನಾಯಿಯನ್ನು ಹತ್ತಿಸಿಕೊಂಡು ಹೋಗಿ ಡೋನಟ್ ಅಂಗಡಿಯ ಮುಂದೆ ಕಾರಿನಲ್ಲಿ ಕಾಫಿ ಹಿಡಿದು ಕೂರುತ್ತಿದ್ದರು. ಬಾಗಿಲ ಗಂಟೆಗೆ ಅಂಟಿಸಿದ ಕ್ಯಾಮೆರಾ ಯಾರು ಬಂದರು, ಯಾರು ಹೋದರು ಎಂದು ಲೋರ್ನಾಳ ಫೋನಿಗೆ ತೋರಿಸುತ್ತಿತ್ತು. ಬಂದವರು ಬೇಗ ಹೊರಗೆ ಬಂದರೆ ಎಷ್ಟು ನಿಮಿಷ ಇದ್ದರು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ನಿದ್ದೆ ಬಿಟ್ಟುಹೋಗಿತ್ತು.  ಅಮ್ಮಾ, ಕೂಸಿನ ತೊಟ್ಟಿಲು ನಿನ್ನ ಕೋಣೇಲೇ ಇಡೋಣ್ವಾ ಎಂದು ಕೆಂಡ್ರಾ ಕೇಳಿದರೆ, ಇಡೋಣ ಕಣೆ ಎನ್ನುವಾಗ ದನಿ ನಡುಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಡಕಾನೈ ಜೋಡಿ ಮತ್ತೆ ನೋಡಲು ಬಂದಿತು. ಲೋರ್ನಾಳಿಗೆ ಹೋದ ಜೀವ ಬಂದಂತಾಯಿತು. ಕಾರಿನಲ್ಲಿ ಡ್ವೈಟ್‌ನ ಮೊಣಕೈ ತಿವಿದು ಫೋನು ತೋರಿಸಿದಳು. ಅವರು ಮನೆಯೆಲ್ಲ ನೋಡಿ ಮೆಟ್ಟಿಲ ಮೇಲೆ ಬಂದು ನಿಂತರು. ಅವರ ಏಜೆಂಟನ ಮಾತು ಫೋನಿನಲ್ಲಿ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಅವಸರ ಬೇಡ. ಈ ಮುದುಕರು ಆಗಲೇ ಮಾಂಕ್ಟನ್‌ನಲ್ಲಿ ಮನೆ ತಗೊಂಡಿದಾರೆ. ಆಯಮ್ಮ ಬೋರ್ಡು ಹಿಡ್ಕೊಂಡು ಹಲ್ಲು ಕಿರಿದು ಫೇಸ್‌ಬುಕ್ಕಲ್ಲಿ ನಿಂತಿದಾಳೆ, ನೀವೇ ನೋಡಿ. ಮೇ ಕೊನೆಗೆ ದುಡ್ಡು ಕಟ್ಟಲೇಬೇಕು. ಸುಮ್ನೆ ಕಾಯಿರಿ, ಹಣ್ಣು ತಾನಾಗೇ ಉದುರುತ್ತೆ."

ಲೋರ್ನಾ ಫೋನು ಆರಿಸಿದಳು. ಇಷ್ಟು ದಿನ ಬಂದು ಹೋದವರೆಲ್ಲ ಅದನ್ನು ನೋಡಿಯೇ ಬಂದಿದ್ದರೇನೋ! ಊರಿಗೆ ಊರೇ ತನ್ನ ಕುತ್ತಿಗೆಯ ಹಗ್ಗವನ್ನು ಅಳತೆ ಮಾಡಿ ಹೋಗಿತ್ತೇನೋ!

"ಆ ಫೋಟೊ ಯಾಕೆ ಹಾಕಿದೆ?" ಎಂದ ಡ್ವೈಟ್.

"ಏಳು ಇಪ್ಪತ್ತು ಯಾಕೆ ಬೇಡ ಅಂದೆ?"

"ಷರತ್ತು ಯಾಕೆ ಹೊಡೆದುಹಾಕಿದೆ?"

"ನಿನ್ನ ಮಗಳು ಅಳ್ತಿದ್ಲು ಡ್ವೈಟ್! ನೀನು ಇಲ್ಲಿ ಮರ್ವಿನ್ ತಮ್ಮನ ಕಥೆ ಹೇಳ್ಕೊಂಡು ಜಂಭ ಕೊಚ್ತಿದ್ದೆ!"

ನಾಯಿ ಹಿಂದಿನ ಸೀಟಿನಲ್ಲಿ ಕುಂಯ್ಗುಟ್ಟಿತು. ಡ್ವೈಟ್, "ಆ ಮನೆಯ ಬೇಸ್‌ಮೆಂಟು ನಾನೇ ಕಟ್ಟಿದ್ದು ಕಣೆ, ಒಂದೊಂದು ಹಲಗೇನೂ," ಎಂದ. ನಿಂತ ಕಾರಿನ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದಿದ್ದ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಹೆದರಿದ್ದನ್ನು ಲೋರ್ನಾ ಅವತ್ತೇ ಮೊದಲು ನೋಡಿದ್ದು. ತನ್ನ ಹೆದರಿಕೆಯನ್ನು ಹೇಗೋ ಹೊತ್ತುಕೊಂಡಿದ್ದಳು, ಅವನದನ್ನು ನೋಡಿ ಕಂಗಾಲಾದಳು.

ಫೋಟೊ ಅಳಿಸಿದಳು. ಅಳಿಸಿ ಏನು ಬಂತು?

ಮೇ ಎರಡನೇ ವಾರ ಒಂದು ಬೆಳಿಗ್ಗೆ ರೆಂಜೊ ಫೋನು ಮಾಡಿ, ಯಾವ ಹಾರಿಕೆಯೂ ಇಲ್ಲದೆ ಮಾತಾಡಿದ. "ಡಕಾನೈ ಅವರು ಇನ್ನೊಂದ್ಸಲ ನೋಡ್ತಾರಂತೆ, ಮಧ್ಯಾಹ್ನ. ಈ ಸಲ ಏನು ಕೊಟ್ರೂ ಹಿಡ್ಕೊಳ್ಳಿ. ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳ್ತಿರೋದು ಒಂದೇ, ಬರೋ ವರ್ಷದವರೆಗೂ ಇಲ್ಲಿ ಇಳಿತಾನೇ ಇರುತ್ತೆ. ನನ್ನ ಸ್ವಂತ ತಂಗಿಗೆ ಈಗ ತಗೋಬೇಡ ಅಂದಿದೀನಿ. ಈ ಮಾತು ನಿಮ್ಮಲ್ಲೇ ಇರಲಿ."

ಮಧ್ಯಾಹ್ನ ಡ್ವೈಟ್ ನಾಯಿ ಹಿಡಿದು ಮೊದಲೇ ಹೊರಟ. ಲೋರ್ನಾ ಕೋಟು ಹಾಕಿಕೊಂಡು ಬಾಗಿಲವರೆಗೆ ಬಂದವಳು ಕಿಟಕಿಯಲ್ಲಿ ನೋಡಿದರೆ ರೊವೆನಾ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದಳು, ಒಬ್ಬಳೇ. ಕೊರೆಯುವ ಮಳೆ. ಕೆಲಸದಿಂದ ನೇರವಾಗಿ ಬಂದಿರಬೇಕು, ಆಸ್ಪತ್ರೆಯ ತೆಳು ಬಟ್ಟೆಯ ಮೇಲೆ ಒಂದು ಸ್ವೆಟರು ಅಷ್ಟೆ. ಅವಳ ಏಜೆಂಟ್ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಕಣ್ಣಿಗೆ ಬೀಳಬೇಡಿ ಎಂದು ರೆಂಜೊ ಹೇಳಿದ್ದೇನೋ ನಿಜ. ಆದರೆ ಮಳೆಯಲ್ಲಿ ನಡುಗುವವಳನ್ನು ಗಾಜಿನ ಹಿಂದೆ ನಿಂತು ನೋಡುವುದು ಹೇಗೆ? ಲೋರ್ನಾ ಬಾಗಿಲು ತೆರೆದಳು.

"ಬಾಮ್ಮ ಒಳಗೆ."

"ಅಯ್ಯೋ ಬೇಡ ಮೇಡಂ, ನಮ್ಮ ಏಜೆಂಟ್ ಬೈತಾರೆ."

"ನಮ್ಮ ಏಜೆಂಟೂ ಬೈತಾನೆ. ಬೈಸ್ಕೊಳ್ಳೋಣ, ಬಾ."

ಚಹಾ ಮಾಡಿ ಕೊಟ್ಟಳು. ರೊವೆನಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯನ್ನು ಸುತ್ತ ನೋಡಿದಳು. ಸುಮಾರು ಮೂವತ್ತೈದರವಳು, ಕಣ್ಣ ಕೆಳಗೆ ಕಪ್ಪು. ತನ್ನನ್ನು ಹಣ್ಣು ಮಾಡಿ ಉದುರಿಸಲು ಕಾದ ಚಾಲಾಕಿ ಹೆಂಗಸು ಇವಳೇನಾ ಎಂದು ಲೋರ್ನಾಳಿಗೆ ಗೊಂದಲವಾಯಿತು.

"ಮೇಡಂ, ನಿಮ್ಮನ್ನ ಸತಾಯಿಸ್ತಿದೀವಿ ಅಂತ ಬೇಜಾರು ಮಾಡ್ಕೋಬೇಡಿ," ಎಂದಳು ರೊವೆನಾ. "ನಮ್ಮ ಏಜೆಂಟ್ ಕಾಯಿರಿ ಅಂತಾರೆ, ಆದ್ರೆ ನಾನು ಅದಕ್ಕೆ ಕಾಯ್ತಿಲ್ಲ. ನನಗೆ ಭಯ. ಮಾರ್ಚಲ್ಲಿ ಈ ಮನೇನ ಬೇರೆಯವರು ಕಿತ್ಕೊಂಡು ಹೋಗ್ತಾರೆ ಅಂತ ಭಯ. ಈಗ ಯಾರೂ ಬರ್ತಿಲ್ವಲ್ಲ ಅಂತ ಭಯ. ನಮ್ಮ ವಾರ್ಡಿನಲ್ಲಿ ಒಬ್ಬಳು ಬೆಲೆ ಏರಿದ್ದಾಗ ತಗೊಂಡ್ಲು. ಈಗ ಮನೆಗಿಂತ ಸಾಲ ಜಾಸ್ತಿ. ಡ್ಯೂಟಿ ಮಧ್ಯೆ ಸ್ಟೋರ್ ರೂಮಿಗೆ ಹೋಗಿ ಅಳ್ತಾಳೆ. ಪಶ್ಚಿಮದ ಆಲ್ಬರ್ಟಾಕ್ಕೆ ಹೋಗಿ, ಅಲ್ಲಿ ಅಗ್ಗ, ಅಲ್ಲಿ ಏರ್ತಿದೆ ಅಂತಾರೆ ಜನ. ನಮ್ಮಿಬ್ಬರ ಕೆಲಸ ಇಲ್ಲಿದೆಯಲ್ಲ, ಬೆಲೆ ಏರೋ ಕಡೆಗೆಲ್ಲ ಹೇಗೆ ಹೋಗೋಣ?"

"ಹೌದಮ್ಮ," ಎಂದಳು ಲೋರ್ನಾ. 

ರೊವೆನಾ ಬಟ್ಟಲು ಕೆಳಗಿಟ್ಟಳು. "ನನಗೆ ಇಲ್ಲಿ ಕೇಳೋಕೆ ದೊಡ್ಡೋರು ಯಾರೂ ಇಲ್ಲ ಮೇಡಂ. ಅಮ್ಮ ನಮ್ಮೂರಲ್ಲೇ ತೀರ್ಕೊಂಡ್ರು. ಎಲ್ಲರೂ ಕಮಿಷನ್ ತಗೊಳ್ಳೋರೇ. ನೀವು ನೋಡಿದ್ರೆ ಒಳ್ಳೆಯೋರ ಥರ ಇದೀರಿ. ಒಂದು ಮಾತು ಕೇಳ್ಲಾ? ನೀವು ನನ್ನ ಜಾಗದಲ್ಲಿದ್ದಿದ್ರೆ ಈ ಮನೇನ ಈಗ ತಗೋತಿದ್ರಾ?"

ರೆಂಜೊನ ಬೆಳಗಿನ ಮಾತು ಲೋರ್ನಾಳ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಸ್ವಂತ ತಂಗಿಗೆ ಬೇಡ ಅಂದಿದ್ದ. ಬೇಡಮ್ಮ, ಒಂದು ವರ್ಷ ತಡಿ ಎನ್ನುವುದು ಎಷ್ಟು ಹೊತ್ತಿನ ಕೆಲಸ? ಹಾಗೆ ಹೇಳಿದರೆ ಈ ಹುಡುಗಿ ಎದ್ದು ಹೋಗುತ್ತಾಳೆ. ಹೋದರೆ ಮಾಂಕ್ಟನ್ ಇಲ್ಲ, ಮುಂಗಡ ಇಲ್ಲ, ಕೆಂಡ್ರಾ ಬಾಣಂತನದಲ್ಲಿ ಒಬ್ಬಳೇ, ಈ ವಯಸ್ಸಿನಲ್ಲಿ ಡ್ವೈಟ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಲೋರ್ನಾ ರೊವೆನಾಳ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

"ಕಣ್ಣು ಮುಚ್ಕೊಂಡು ತಗೋತಿದ್ದೆ," ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. "ಇದಕ್ಕಿಂತ ಕೆಳಗೆ ಹೋಗಲ್ಲ ಕಣಮ್ಮ. ಇಷ್ಟು ವರ್ಷದಿಂದ ಇಲ್ಲೇ ಇದೀನಿ, ನನಗೆ ಗೊತ್ತಿಲ್ವಾ? ನೀನು ನನ್ನ ಮಗಳಾಗಿದ್ರೂ ಇದೇ ಹೇಳ್ತಿದ್ದೆ."

ರೊವೆನಾ ಬಟ್ಟಲನ್ನು ಮತ್ತೆ ಎತ್ತಿಕೊಂಡಳು.  ಏಜೆಂಟ್ ಬಂದು ಬಾಗಿಲು ಬಡಿಯುವ ಹೊತ್ತಿಗೆ ಅವಳು ಕಿಟಕಿಗೆ ಎಂಥ ಪರದೆ ಹಾಕುವುದು ಎಂದು ಕೇಳುತ್ತಿದ್ದಳು.

ಆರು ಲಕ್ಷದ ಅರವತ್ತು ಸಾವಿರಕ್ಕೆ ವ್ಯವಹಾರ ಮುಗಿಯಿತು. ಬ್ಯಾಂಕಿನ ಬಾಕಿ ತೀರಿ ಮಾಂಕ್ಟನ್‌ಗೆ ಕಟ್ಟುವಷ್ಟಕ್ಕೆ ಸರಿಹೋಯಿತು. ಮೇ ಕೊನೆಗೆ ಲೋರ್ನಾ ಮತ್ತು ಡ್ವೈಟ್ ಟ್ರಕ್ಕಿಗೆ ಸಾಮಾನು ತುಂಬಿ ಹೊರಟರು. ಕೆಂಡ್ರಾಗೆ ಹೆಣ್ಣು ಹುಟ್ಟಿತು. ತೊಟ್ಟಿಲು ಅಜ್ಜಿಯ ಕೋಣೆಗೆ ಬಂತು. ಅಲ್ಲಿನ ಪಕ್ಕದ ಮನೆಯವನು ಬೇಲಿಯ ಮೇಲೆ ಕೈಯೂರಿ, "ನೀವು ತಗೊಂಡ ಮೇಲೆ ನಮ್ಮ ಬೀದೀಲಿ ಬೆಲೆ ಇನ್ನೂ ಏರಿದೆ, ಅದೃಷ್ಟವಂತರಪ್ಪ!" ಎಂದ. ಡ್ವೈಟ್ ಮೀಸೆ ತಿರುವಿದ. ಸಿಕ್ಕಿದವರಿಗೆಲ್ಲ ಹೇಳಲು ಅವನಿಗೆ ಹೊಸ ಕಥೆ ಸಿಕ್ಕಿತ್ತು.

ಲೋರ್ನಾ ಮಾತ್ರ ದಿನಾ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸುತ್ತ ಫೋನಿನಲ್ಲಿ ಓಶಾವಾದ ಮನೆಗಳ ಬೆಲೆ ನೋಡುತ್ತಿದ್ದಳು. ನೋಡದಿದ್ದರೆ ಸಂಕಟ, ನೋಡಿದರೆ ಇನ್ನೂ ಸಂಕಟ. ಅಕ್ಟೋಬರಿನಲ್ಲಿ ಹಳೆಯ ಬೀದಿಯ ಅಂಥದ್ದೇ ಮನೆ ಐದು ಲಕ್ಷದ ತೊಂಬತ್ತು ಸಾವಿರಕ್ಕೆ ಹೋಯಿತು.

"ಯಾಕೆ ನೋಡ್ತೀಯ ಅದನ್ನ?" ಎಂದ ಡ್ವೈಟ್. "ಈಗದು ನಮ್ಮನೆ ಅಲ್ಲ. ಬಚಾವಾದ್ವಿ ನಾವು."

"ಆ ಹುಡುಗಿ?"

"ಅವಳಿಗೆ ನಾವು ಪಿಸ್ತೂಲು ತೋರಿಸಿದ್ವಾ?"

ಅಡುಗೆಮನೆಯಲ್ಲಿ ನಡೆದ ಮಾತನ್ನು ಲೋರ್ನಾ ಅವನಿಗೂ ಹೇಳಿರಲಿಲ್ಲ.

ನವೆಂಬರಿನಲ್ಲಿ ರೊವೆನಾಳ ಸಂದೇಶ ಬಂತು. ಹೆಸರು ನೋಡಿದ ಲೋರ್ನಾ ಬೈದಿರುತ್ತಾಳೆ ಎಂದುಕೊಂಡು ತೆರೆದರೆ ಬೈಗುಳವಿರಲಿಲ್ಲ. "ಮೇಡಂ, ಚೆನ್ನಾಗಿದೀರಾ? ಪಕ್ಕದ ಮರ್ವಿನ್ ಅವರ ಮನೆ ಮಾರಾಟಕ್ಕಿದೆ. ನನ್ನ ತಮ್ಮ ಆರ್ನೆಲ್ ತಗೊಂಡ್ರೆ ನಾವು ಅಕ್ಕಪಕ್ಕ ಇರಬಹುದು. ಅವನೂ ನನ್ನ ಹಾಗೇ ಹೆದರ್ತಿದಾನೆ. ನನಗೆ ಹೇಳಿದ ಹಾಗೆ ಅವನಿಗೂ ಎರಡು ಮಾತು ಹೇಳ್ತೀರಾ?"

ಲೋರ್ನಾ ಆ ದಿನವೆಲ್ಲ ಉತ್ತರ ಬರೆಯಲಿಲ್ಲ. ಭಾನುವಾರ ಮಧ್ಯಾಹ್ನ ಆರ್ನೆಲ್ ತಾನೇ ಫೋನು ಮಾಡಿದ. ಮಗು ತೊಟ್ಟಿಲಲ್ಲಿ ಮಲಗಿತ್ತು. ಅವಳು ಬಾಗಿಲು ಮುಂದೆ ಮಾಡಿ ಹಜಾರಕ್ಕೆ ಬಂದಳು.

"ತೊಂದರೆ ಕೊಡ್ತಿದೀನಿ ಮೇಡಂ," ಎಂದಿತು ಎಳೆಯ ದನಿ. "ಮಾರೋರು ಯಾವಾಗ್ಲೂ ತಗೋ ಅಂತಾನೇ ಹೇಳ್ತಾರೆ ಅಂತ ನಾನು ಅಕ್ಕನಿಗೆ ಅಂದೆ. ಅಕ್ಕ ನನ್ನನ್ನೇ ಬೈದ್ಲು, ಆ ಮೇಡಂ ಅಂಥೋರಲ್ಲ ಅಂತ. ಈಗ ನಿಮಗೆ ಮಾರೋದಕ್ಕೇನೂ ಇಲ್ವಲ್ಲ, ಅದಕ್ಕೇ ಧೈರ್ಯವಾಗಿ ಕೇಳ್ತಿದೀನಿ. ತಗೊಳ್ಲಾ?"

ಲೋರ್ನಾ ಗೋಡೆ ಹಿಡಿದುಕೊಂಡಳು. ಈಗ ಹೂಂ ಎಂದರೆ ಆ ಒಂದು ದಿನದ ಮಾತು ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತದೆ. ಊಹೂಂ ಎಂದರೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. 

"ಬೇಡಪ್ಪಾ," ಎಂದಳು. "ತಗೋಬೇಡ. ಇನ್ನೂ ಇಳಿಯುತ್ತೆ."



"ಇದು ನಿಮಗೆ ಈಗ ಗೊತ್ತಾಯ್ತಾ ಮೇಡಂ?"

"ಇಲ್ಲ. ಆವಾಗ್ಲೇ ಗೊತ್ತಿತ್ತು."

"ಮತ್ತೆ ನಮ್ಮಕ್ಕನಿಗೆ ಯಾಕೆ ತಗೋ ಅಂದ್ರಿ?"

ಲೋರ್ನಾ ಏನೇನೋ ಕಾರಣ ಹುಡುಕಿದಳು. ಮಗಳು, ಬಾಣಂತನ, ಮುಂಗಡ, ಮೇ ಕೊನೆ. 

"ನನಗೆ ಭಯ ಆಗಿತ್ತಪ್ಪಾ," ಎಂದಳು.

 ಆ ಕಡೆ ಫೋನು ಮೇಜಿನ ಮೇಲಿತ್ತೆಂದೂ, ಎಲ್ಲರಿಗೂ ಕೇಳುವಂತೆ ಇಟ್ಟಿದ್ದರೆಂದೂ ಅವಳಿಗೆ ತಿಳಿದದ್ದು ಇನ್ನೊಂದು ದನಿ ಬಂದಾಗ.

"ನನಗೂ ಭಯ ಆಗಿತ್ತಲ್ಲ ಮೇಡಂ," ಎಂದಳು ರೊವೆನಾ.